ಹದಿನೇಳು ರೂಪಾಯಿ

ಕಳೆದ ಪಂಚಮಿಗೆ ತಂಗಿ ತವರಿಗೆ ಬಂದಿದ್ದಳು. ದೂಧಗಂಗಾ, ವೇದಗಂಗಾ ಎರಡೂ ತುಂಬಿ ಹರಿಯುತ್ತಿದ್ದ ದಿನಗಳು. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಕೇಳಿದಳು: “ಅಪ್ಪಾ, ನನ್ನ ಕೈಖರ್ಚಿನ ರೊಕ್ಕ ನಾನ ಗಳಿಸಬೇಕಂತ ಮಾಡೀನಿ. ನೀ ಸಣ್ಣಾಂವ ಇದ್ದಾಗ ಹೆಂಗ ಉಳಸ್ತಿದ್ದಿ?”

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಕಥೆಯೊಂದಿತ್ತು. ಎಂಟನೆಯ ಇಯತ್ತೆಯಲ್ಲಿದ್ದಾಗ ನಸುಕಿನಲ್ಲೆದ್ದು ಎರಡು ಮನೆಗಳ ಹಾಲನ್ನು ಡೇರಿಗೆ ಹಾಕಿ ಬರುತ್ತಿದ್ದೆ. ತಿಂಗಳಿಗೊಮ್ಮೆ ಅವರು ಕೊಟ್ಟ ನೋಟನ್ನು ಮಡಚಿ ಮಣ್ಣಿನ ಗಲ್ಲಾಕ್ಕೆ ಹಾಕುತ್ತಿದ್ದೆ. 1989ರ ದೀಪಾವಳಿಗೆ ಗಲ್ಲಾ ಒಡೆದು ಕೈಗಡಿಯಾರ ಕೊಂಡೆ. ಅಷ್ಟು ದಿನ ಒಂದು ಪೈಸೆಯನ್ನೂ ಹೊರಗೆ ತೆಗೆದಿರಲಿಲ್ಲ. ಅಂದೂ ಅದನ್ನೇ ಹೇಳಿದೆ. ಒಳಗೆ ಉಂಡಿ ಕಟ್ಟುತ್ತಿದ್ದ ತಂಗಿ ತಲೆ ಎತ್ತದೆ ಅಂದಳು: “ಅದರಾಗ ನನ್ನ ಹದಿನೇಳು ರೂಪಾಯಿ ಇದ್ದವು, ಅಣ್ಣಾ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮಾತ್ರ ಇತ್ತು.

ನಿಪ್ಪಾಣಿ ಸೀಮೆಯ ಎಷ್ಟೋ ಮನೆಗಳಂತೆ ನಮ್ಮದೂ ಬೀಡಿಯ ಮೇಲೆ ನಡೆದ ಮನೆ. ಅವ್ವ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ತಂಗಿ ಶಾಲೆಯಿಂದ ಬಂದು ಅದರ ಬಾಯಿ ಮಡಚಿ, ಇಪ್ಪತ್ತೈದರ ಕಟ್ಟು ಕಟ್ಟುತ್ತಿದ್ದಳು. ನಲವತ್ತು ಕಟ್ಟಾದರೆ ಒಂದು ಸಾವಿರ. ಸಾವಿರದ ಲೆಕ್ಕದಲ್ಲೇ ಮಜೂರಿ. ಕಂಪನಿಯ ಪುಸ್ತಕದಲ್ಲಿ ಅವ್ವನ ಹೆಸರಿತ್ತು. ಹನ್ನೊಂದು ವರ್ಷದ ಹುಡುಗಿಯ ಬೆರಳುಗಳಿಗೆ ಯಾವ ಪುಸ್ತಕದಲ್ಲೂ ಹೆಸರಿರಲಿಲ್ಲ. ಬೀಡಿ ತಯಾರಿಕೆಯಲ್ಲಿ ಮಕ್ಕಳನ್ನು ದುಡಿಸುವುದನ್ನು 1986ರ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿತ್ತು ನಿಜ. ಆದರೆ ಮನೆಯವರ ನೆರವಿನಿಂದಲೇ ನಡೆಯುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತ್ತು. ನಮ್ಮಂಥ ಪಡಸಾಲೆಗಳು ಆ ವಿನಾಯಿತಿಯೊಳಗೆ ಉಳಿದುಕೊಂಡವು. ಅಪಾಯದ ಪಟ್ಟಿಯಲ್ಲಿರುವ ಕೆಲಸಕ್ಕೆ, ಮನೆಯದೇ ಆದರೂ, ಮಕ್ಕಳನ್ನು ಹಚ್ಚಬಾರದೆಂಬ ಮಾತು ಬಂದದ್ದು 2016ರ ತಿದ್ದುಪಡಿಯಲ್ಲಿ.

ಮಜೂರಿ ಬಂದ ವಾರ ಅವ್ವ ತಂಗಿಗೆ ನಾಲ್ಕಾಣೆ ಕೊಡುತ್ತಿದ್ದಳು. ಮನೆಯಲ್ಲಿದ್ದದ್ದು ಒಂದೇ ಗಲ್ಲಾ. “ಅಣ್ಣಾ, ನಂದೂ ಇದರಾಗ ಹಾಕ್ಲಿ?” ಎಂದು ಕೇಳಿಯೇ ಹಾಕುತ್ತಿದ್ದಳು. ವಾರಕ್ಕೆ ನಾಲ್ಕಾಣೆಯಂತೆ ಹದಿನೇಳು ರೂಪಾಯಿ ಕೂಡಲು 68 ವಾರ ಬೇಕು. 68 ವಾರ ಅವಳು ಜಾತ್ರೆಯ ಬಳೆಗೂ ಆಸೆಪಡದೆ ಉಳಿಸಿದ್ದಳು.

ಆಗ ನನಗೆ ತಿಳಿದಿರಲಿಲ್ಲ ಎಂದು ಹೇಳಿಕೊಂಡು ಪಾರಾಗಬಹುದಿತ್ತು. ಅದು ಸುಳ್ಳಾಗುತ್ತದೆ. ಗಲ್ಲಾ ಒಡೆದಾಗ ನೋಟುಗಳು ಒಂದು ಕಡೆ, ನಾಲ್ಕಾಣೆಗಳು ಒಂದು ಕಡೆ ಬಿದ್ದವು. ನನಗೆ ಯಾರೂ ನಾಲ್ಕಾಣೆ ಕೊಟ್ಟಿರಲಿಲ್ಲ. ಅವು ಯಾರವೆಂದು ಗೊತ್ತಿದ್ದೇ ಎಲ್ಲವನ್ನೂ ಒಟ್ಟಿಗೆ ಎಣಿಸಿದೆ. ಗಡಿಯಾರ ಕಟ್ಟಿಕೊಂಡು ಬಂದಾಗ ಅವಳು “ಛಲೋ ಐತಿ ಅಣ್ಣಾ” ಅಂದಳು. ಏಳನೆಯ ಇಯತ್ತೆಗೆ ಅವಳ ಶಾಲೆ ನಿಂತಿತು. ನಾನು ಕಾಲೇಜಿಗೆ ಹೋದೆ.

ಇನ್ನೂ ಒಂದು ಮಾತಿದೆ. ನನ್ನ ನೋಟುಗಳು ಗಲ್ಲಾದಲ್ಲಿ ಉಳಿದದ್ದಾದರೂ ಹೇಗೆ? ನನ್ನ ಪಾಟಿ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೀಡಿಯ ದುಡ್ಡಿತ್ತು. ನಾನು ಉಳಿಸಿದೆ ಎಂದದ್ದು ಅವರಿಬ್ಬರು ಖರ್ಚು ಮಾಡಿದ್ದರಿಂದ ಉಳಿದದ್ದು. ನನ್ನ ಮಿತವ್ಯಯದ ಕಥೆಯನ್ನು ಮೂವತ್ತು ವರ್ಷ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಒಮ್ಮೆಯೂ ಅದರಲ್ಲಿ ತಂಗಿ ಬಂದಿರಲಿಲ್ಲ.

ಉಳಿತಾಯಕ್ಕೆ ಶಿಸ್ತಿಗಿಂತ ಮೊದಲು ಹೆಸರು ಬೇಕು ಎಂದು ಈಗ ಅನ್ನಿಸುತ್ತದೆ. 1928ರಲ್ಲಿ ಉಡುಪಿಯ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡಿತು. ಎರಡಾಣೆ ಸಣ್ಣದಿರಬಹುದು, ಆದರೆ ಅದು ಕಟ್ಟಿದವರ ಹೆಸರಿನಲ್ಲೇ ಜಮೆಯಾಗುತ್ತಿತ್ತು. ನನ್ನ ತಂಗಿಯ ನಾಲ್ಕಾಣೆಗೆ ಸಿಗದೆ ಹೋದದ್ದು ಅದೇ. ಇಂದು ಹತ್ತು ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮದೇ ಹೆಸರಿನ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕು 2014ರಲ್ಲೇ ಈ ಅವಕಾಶ ಕೊಟ್ಟಿದೆ.

ಮಗಳಿಗೆ ಅಂಚೆ ಖಾತೆ ಮಾಡಿಸಿದೆ. ಸಂಜೆ ಓಣಿಯ ಸಣ್ಣ ಮಕ್ಕಳಿಗೆ ಒಂದು ತಾಸು ಗಣಿತ ಹೇಳಿಕೊಡುತ್ತಾಳೆ. ಓದಿಗೆ ಅಡ್ಡಿಯಿಲ್ಲ, ಮೈಗೆ ಕೇಡಿಲ್ಲ. ಕಸ, ಮುಸುರೆ, ನೀರಿನ ಕೆಲಸಕ್ಕೆ ಮನೆಯಲ್ಲಿ ಯಾರಿಗೂ ಹಣವಿಲ್ಲ. ಅದನ್ನು ಮಗನಿಗೂ ಮಗಳಿಗೂ ಸಮನಾಗಿ ಹಂಚಿದ್ದೇನೆ. ಮಗ ಮೊದಲು ಮುಖ ಗಂಟಿಕ್ಕಿದ. ಆ ಮುಖ ನನಗೆ ಚೆನ್ನಾಗಿ ಗೊತ್ತು.

ತಂಗಿ ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳ ಕ್ಷಮೆ ಕೇಳಿದೆ. ಹಣ ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡಳು. “ರೊಕ್ಕ ಬ್ಯಾಡ ಅಣ್ಣಾ. ಇನ್ನ ಮ್ಯಾಲೆ ಕಥಿ ಹೇಳುವಾಗ ನಂದೂ ಹೇಳು” ಅಂದಳು.

ಅದಕ್ಕೇ ಇದನ್ನು ಬರೆದೆ.