ಮರಳುಗಾಡಿನಲ್ಲೊಂದು ಬನ್ನಿ ಗಿಡ

ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಬಹರೇನ್ ನೋಡಬೇಕೆಂದರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಆಮೇಲಿನ ಬಿಸಿಲು ನಮ್ಮ ರಾಯಚೂರಿನ ಬಿಸಿಲನ್ನೂ ನಾಚಿಸುತ್ತದೆ. ನಾವು ಹೋದದ್ದು ಡಿಸೆಂಬರಿನಲ್ಲಿ. ಅಕ್ಕ ಭಾವ ಮನಾಮದಲ್ಲಿದ್ದಾರೆ. ನಾನು, ನನ್ನ ಗಂಡ, ಏಳು ವರ್ಷದ ಮಗ ಜರ್ಮನಿಯಿಂದ ಬಂದಿಳಿದರೆ, ಅಮ್ಮ ಧಾರವಾಡದಿಂದ ಬಂದಿದ್ದಳು. ಎರಡೂ ಕಡೆಯವರಿಗೆ ಮಧ್ಯದ ಊರು ಎಂಬುದು ನೆಪ. ನಿಜವಾದ ಕಾರಣ ಬೇರೆ ಇತ್ತು. ಒಂದು ವರ್ಷದಿಂದ ಮಗ ಅಜ್ಜಿಯ ಜೊತೆ ಕನ್ನಡದಲ್ಲಿ ಮಾತಾಡುವುದನ್ನೇ ಬಿಟ್ಟಿದ್ದ. ಅವನಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದಿಲ್ಲ. ಭಾನುವಾರದ ಫೋನಿನಲ್ಲಿ ಬರೀ ‘ಹ್ಞೂಂ’, ‘ಊಹೂಂ’. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಸುತ್ತಾಟ ಬಾಬ್ ಅಲ್ ಬಹರೇನ್‌ನಿಂದ ಶುರುವಾಯಿತು. 1949ರಲ್ಲಿ ಕಟ್ಟಿದ ಈ ಹೆಬ್ಬಾಗಿಲಿನ ಎದುರಿಗೇ ಆಗ ಸಮುದ್ರವಿತ್ತಂತೆ. ಈಗ ಸಮುದ್ರವನ್ನು ಹಿಂದೆ ತಳ್ಳಿ ರಸ್ತೆ, ಕಟ್ಟಡ ಬಂದಿವೆ. ಒಳಗೆ ಕಾಲಿಟ್ಟರೆ ಮನಾಮದ ಹಳೆಯ ಪೇಟೆ, ಸೂಕ್. ಮಸಾಲೆ, ಅತ್ತರು, ಬಂಗಾರ, ಬಟ್ಟೆ ಎಲ್ಲವೂ ಅಲ್ಲೇ. ಓಣಿಯೊಂದರೊಳಗೆ ಸಿಂಧ್‌ನ ಠಟ್ಟಾದಿಂದ ಬಂದ ವ್ಯಾಪಾರಿಗಳು ಕಟ್ಟಿಸಿದ ಶ್ರೀನಾಥಜಿ ದೇವಸ್ಥಾನವಿದೆ, ಇನ್ನೂರು ವರ್ಷಕ್ಕೂ ಹಳೆಯದು. ಅಮ್ಮ ಅಲ್ಲಿ ಕೈಮುಗಿದು, ಹೊರಗೆ ಮಲ್ಲಿಗೆ ಮಾಲೆ ಕಂಡು, ‘ಇದು ವಿದೇಶ ಅಲ್ಲಬಿಡು’ ಎಂದಳು.

ಬೆಳಗಿನ ತಿಂಡಿಗೆ ಪೇಟೆಯೊಳಗಿನ ಒಂದು ಹಳೇ ಹೋಟೆಲು. ತಂದೂರಿನಂಥ ಒಲೆಯ ಗೋಡೆಗೆ ಬಡಿದು ತೆಗೆದ ಬಿಸಿ ಖುಬ್ಜ್, ಬೇಯಿಸಿದ ಕಡಲೆ, ಮತ್ತೆ ಬಲಾಲೀತ್. ಬಲಾಲೀತ್ ಅಂದರೆ ಸಕ್ಕರೆ, ಏಲಕ್ಕಿ, ಕೇಸರಿ ಹಾಕಿ ಮಾಡಿದ ಶಾವಿಗೆ. ಅಮ್ಮ ಖುಷಿಯಿಂದ ತಟ್ಟೆ ಎಳೆದುಕೊಂಡವಳು ಮೇಲೆ ಹೊದಿಸಿದ್ದ ಆಮ್ಲೆಟ್ ಕಂಡು ಅಷ್ಟೇ ಬೇಗ ಹಿಂದಕ್ಕೆ ತಳ್ಳಿದಳು. ನೀವು ಮೊಟ್ಟೆ ತಿನ್ನದವರಾದರೆ ಮೊದಲೇ ಹೇಳಿ, ಮೊಟ್ಟೆ ಇಲ್ಲದೆ ಕೊಡುತ್ತಾರೆ. ಜೊತೆಗೆ ಚಿಕ್ಕ ಲೋಟದಲ್ಲಿ ಕರಕ್ ಚಹಾ. ಈ ‘ಕರಕ್’ ಹಿಂದಿಯ ‘ಕಡಕ್’, ಅಂದರೆ ನಮ್ಮ ಖಡಕ್ ರೊಟ್ಟಿಯ ಖಡಕ್ಕೇ.

ಅಲ್ಲೇ ಒಂದು ಆಟ ಹುಟ್ಟಿತು. ಅರಬ್ಬಿಯಲ್ಲೂ ಕನ್ನಡದಲ್ಲೂ ಇರುವ ಪದ ಹುಡುಕಿದವರಿಗೆ ಒಂದು ತುಂಡು ಹಲ್ವ. ಕುರ್ಚಿ ಅರಬ್ಬಿಯಲ್ಲಿ ಕುರ್ಸಿ, ಸಾಬೂನು ಸಾಬೂನ್, ಜವಾಬು ಜವಾಬ್, ವಕೀಲ ವಕೀಲ್. ಹಲ್ವ ಹಲ್ವವೇ. ಇಲ್ಲಿಯೇ ಶಾಲೆಗೆ ಹೋಗುವ ಅಕ್ಕನ ಮಗಳು ಆರು ತುಂಡು ಗೆದ್ದಳು. ನನ್ನ ಮಗ ಆಟವನ್ನು ನೋಡುತ್ತಿದ್ದ, ಬಾಯಿ ಬಿಡಲಿಲ್ಲ.

ಆಗಲೇ ಅಮ್ಮ ಕನ್ನಡಕ ತೆಗೆದುಕೊಡು ಎಂದು ಚೀಲ ಕೊಟ್ಟದ್ದು. ಕನ್ನಡಕದ ಜೊತೆ ಒಂದು ಸಣ್ಣ ನೋಟ್‌ಬುಕ್ ಕೈಗೆ ಬಂತು. ಒಳಗೆ ಕನ್ನಡ ಅಕ್ಷರಗಳಲ್ಲಿ, ಅಂದವಾಗಿ: ‘ಹೌ ವಾಸ್ ಸ್ಕೂಲ್’, ‘ವಾಟ್ ಡಿಡ್ ಯು ಈಟ್’, ‘ಆರ್ ಯು ಕೋಲ್ಡ್’. ಅರವತ್ತೆಂಟರ ಅಮ್ಮ ಮೊಮ್ಮಗನ ಜೊತೆ ಮಾತಾಡಲು ಇಂಗ್ಲಿಷ್ ಕಲಿಯುತ್ತಿದ್ದಳು. ಅವನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವನ ಶಾಲೆ ಜರ್ಮನ್‌ನಲ್ಲಿ. ನಾನು ನೋಟ್‌ಬುಕ್ಕನ್ನು ಇದ್ದಲ್ಲಿಯೇ ಇಟ್ಟೆ. ಕರಕ್ ಇಳಿಯಲಿಲ್ಲ.

ಅಲ್ಲಿಂದ ಕಲ್ಅತ್ ಅಲ್ ಬಹರೇನ್, ಅಂದರೆ ಬಹರೇನ್ ಕೋಟೆ. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಕೋಟೆ ನಿಂತಿರುವ ದಿಬ್ಬ ಮಣ್ಣಿನ ದಿಬ್ಬವಲ್ಲ, ಕ್ರಿ.ಪೂ. 2300ರ ಸುಮಾರಿನಿಂದ ಜನ ಒಂದರ ಮೇಲೊಂದು ಕಟ್ಟುತ್ತ ಹೋದ ಊರುಗಳ ರಾಶಿ. ದಿಲ್ಮುನ್ ನಾಡಿನ ಮುಖ್ಯ ಪಟ್ಟಣವಿದು. ನಮ್ಮ ಸಿಂಧೂ ಕಣಿವೆಯ ಅಳತೆಯ ತೂಕದ ಕಲ್ಲುಗಳು ಇಲ್ಲಿ ಸಿಕ್ಕಿವೆ. ಡೆನ್ಮಾರ್ಕಿನ ತಂಡ 1950ರ ದಶಕದಲ್ಲಿ ಅಗೆದಾಗ ಬೋಗುಣಿಗಳಲ್ಲಿ ಹೂತಿಟ್ಟ ಹಾವಿನ ಮೂಳೆಗಳೂ ಸಿಕ್ಕವು. ಇದಕ್ಕೂ ನಾಗರ ಪಂಚಮಿಗೂ ಸಂಬಂಧ ಕಟ್ಟಲು ನನ್ನ ವಿಜ್ಞಾನ ಒಪ್ಪುವುದಿಲ್ಲ. ಅಮ್ಮ ಅಷ್ಟರಲ್ಲಿ ಕಟ್ಟಿಯಾಗಿತ್ತು.

ಮಧ್ಯಾಹ್ನದ ಊಟದ್ದು ಹೆಚ್ಚು ಕಥೆಯಿಲ್ಲ. ಗಂಡ ಮತ್ತು ಭಾವ ಒಣಗಿಸಿದ ನಿಂಬೆಕಾಯಿಯ ಹುಳಿ ಹಿಡಿದ ಮಚ್‌ಬೂಸ್ ತಿಂದರು. ಅಕ್ಕ ತಂದಿದ್ದ ಮೊಸರನ್ನದ ಡಬ್ಬಿ ಉಳಿದವರದ್ದು.

ಸಂಜೆ ದಕ್ಷಿಣಕ್ಕೆ ಹೊರಟೆವು. 1932ರಲ್ಲಿ ಮೊದಲ ಎಣ್ಣೆ ಬಾವಿ ಕೊರೆದ ಜಬಲ್ ದುಖಾನ್ ಗುಡ್ಡದ ಆಸುಪಾಸು ಪೈಪುಗಳು, ಪಂಪುಗಳು, ಬೋಳು ನೆಲ. ಅದರ ನಡುವೆ ಒಂಟಿಯಾಗಿ ಒಂದು ಹಸಿರು ಮರ: ಶಜರತ್ ಅಲ್ ಹಯಾತ್, ಜೀವವೃಕ್ಷ. ಸುಮಾರು ನಾನೂರು ವರ್ಷದ್ದು, ಹತ್ತು ಮೀಟರಿನಷ್ಟು ಎತ್ತರ, ಕೊಂಬೆಗಳು ನೆಲಕ್ಕೊರಗಿವೆ. ಪವಾಡ ಎನ್ನುತ್ತಾರೆ, ಗಿಡಗಳ ಬೇರು ನನ್ನ ಸಂಶೋಧನೆಯ ವಿಷಯವಾದ್ದರಿಂದ ನಾನು ಬಹಳ ಆಳಕ್ಕಿಳಿಯುವ ಬೇರು ಎನ್ನುತ್ತೇನೆ. ಈ ಮರದ ವೈಜ್ಞಾನಿಕ ಹೆಸರು ಪ್ರೊಸೊಪಿಸ್ ಸಿನೆರೇರಿಯಾ. ಅಮ್ಮನಿಗೆ ಆ ಹೆಸರು ಬೇಕಾಗಲಿಲ್ಲ. ಎಲೆ ನೋಡಿ, ಚಪ್ಪಲಿ ಬಿಟ್ಟು ನಿಂತಳು.

‘ಇದು ನಮ್ಮ ಬನ್ನಿ ಗಿಡ ಅಲ್ಲೇನ?’

ಮಗ ತಲೆ ಎತ್ತಿದ. ಅವನಪ್ಪ ಮೈಸೂರಿನವರು. ಅವನಿಗೆ ‘ಬನ್ನಿ’ ಎಂದರೆ ಮನೆಗೆ ಬಂದವರನ್ನು ಒಳಗೆ ಕರೆಯುವ ಮಾತು. ‘ಎಲ್ಲಿಗೆ ಬರಬೇಕು?’ ಎಂದು ಕೇಳಿದ. ಕನ್ನಡದಲ್ಲಿ, ಅಜ್ಜಿಯನ್ನೇ.

ಅಮ್ಮನಿಗೆ ಪ್ರಶ್ನೆ ತಿಳಿಯಲಿಲ್ಲ. ಧಾರವಾಡದಲ್ಲಿ ಕರೆಯುವುದು ‘ಬರ್ರಿ’ ಎಂದು. ಬನ್ನಿ ಅಂದರೆ ಗಿಡ ಮಾತ್ರ. ಗಂಡ ಬಿಡಿಸಿ ಹೇಳಿದ ಮೇಲೆ ಅವಳು ಮರಳಿನ ಮೇಲೆ ಕೂತು ನಕ್ಕಳು. ‘ಬಾ ಅಂತ ಕರಿಯೋ ಗಿಡ ಏನು’ ಎಂದು ಅವನೂ ನಕ್ಕ. ಆಮೇಲೆ ದಸರೆಗೆ ಬನ್ನಿ ಎಲೆ ಹೇಗೆ ಬಂಗಾರವಾಗುತ್ತದೆ, ಸಣ್ಣವರು ದೊಡ್ಡವರಿಗೆ ಕೊಟ್ಟು ಕಾಲು ಮುಟ್ಟುವುದು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನುವುದು, ಪಾಂಡವರು ಬನ್ನಿ ಮರದಲ್ಲಿ ಆಯುಧ ಬಚ್ಚಿಟ್ಟಿದ್ದು, ಎಲ್ಲ ಹೇಳಿದಳು. ಆಯುಧ ಎಂದ ಕೂಡಲೇ ಪ್ರಶ್ನೆಗಳು ಸುರಿದವು. ಅರ್ಧ ಕನ್ನಡ, ಅರ್ಧ ಜರ್ಮನ್. ಜರ್ಮನ್ ಅರ್ಧಕ್ಕೆ ಅಮ್ಮ ತೋಚಿದ ಉತ್ತರ ಕೊಟ್ಟಳು. ನಾನು ಅನುವಾದ ಮಾಡಲು ಹೋಗಲಿಲ್ಲ.

ಮರದ ಎಲೆ ಕೀಳಬಾರದು, ನೀವು ಹೋದರೂ ಕೀಳಬೇಡಿ. ಗಾಳಿಗೆ ಹಾರಿಬಂದು ಕಟಾಂಜನದ ಹೊರಗೆ ಬಿದ್ದಿದ್ದ ಒಂದು ಒಣ ಕಡ್ಡಿಯಲ್ಲಿ ನಾಲ್ಕಾರು ಎಲೆಗಳಿದ್ದವು. ಮಗ ತಂದು ಕೊಟ್ಟ. ‘ಅಜ್ಜಿ, ಬನ್ನಿ ತಗೋ.’

‘ತಗೋರಿ ಅನಬೇಕು’ ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತಲೇ. ಎಲೆಗಳನ್ನು ಆ ನೋಟ್‌ಬುಕ್ಕಿನೊಳಗೆ ಇಟ್ಟಳು.

ಊರಿಗೆ ಮರಳಿದ ಮೇಲಿನ ಭಾನುವಾರ ಫೋನಿನಲ್ಲಿ ಮತ್ತೆ ‘ಹ್ಞೂಂ’, ‘ಊಹೂಂ’. ನಾನು ಫೋನ್ ಇಸಿದುಕೊಳ್ಳಲು ಕೈ ಚಾಚಿದ್ದೆ. ಅವನು ಕೊಡಲಿಲ್ಲ.

‘ಅಜ್ಜಿ, ಎಲಿ ಅದ?’