ಎಸ್‌ಎಸ್‌ಡಿ ಹಾಕಿಸಿಕೊಂಡವನ ಪಾಡು

ಆಷಾಢದಲ್ಲಿ ಮದುವೆ ಇಲ್ಲದಿದ್ದರೂ ಗುಂಡ್ಲುಪೇಟೆಯ ಫೋಟೊದವರಿಗೆ ಬಿಡುವಿಲ್ಲ. ಊಟಿ ರಸ್ತೆಯ ಪಕ್ಕದ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿರುತ್ತವೆ. ಮದುವೆ ಗೊತ್ತಾದ ಜೋಡಿಗಳು ದೂರದೂರಿಂದ ಬಂದಿಳಿಯುತ್ತವೆ. ಬಂದವರಿಗೆಲ್ಲ ಫೋಟೊ ಸಂಜೆಗೇ ಬೇಕು.

ನನ್ನ ಸ್ಟುಡಿಯೊದ ಕಂಪ್ಯೂಟರಿಗೆ ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಸಾಟಾ ಎಸ್‌ಎಸ್‌ಡಿ ಹಾಕಿಸಿದ್ದೆ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳಿನಂಥ ಹೆಡ್ಡು ಜಾಗ ಹುಡುಕಿಕೊಂಡು ಹೋಗಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಇಲ್ಲ. ಫೋಟೊಶಾಪ್ ಒತ್ತಿದ ಕೂಡಲೇ ತೆರೆದುಕೊಳ್ಳತೊಡಗಿತು. ಆ ಸುಖವೇ ನನ್ನನ್ನು ಕೆಡಿಸಿತು. ಅಲ್ಲಿಂದಾಚೆ ಏನೇ ತಡವಾದರೂ ಡ್ರೈವಿನ ಮೇಲೇ ಗೂಬೆ.

ಎನ್‌ವಿಎಂಇ ಎಂಬ ಇನ್ನೂ ವೇಗದ ಎಸ್‌ಎಸ್‌ಡಿಯ ಡಬ್ಬಿಯ ಮೇಲೆ ಸೆಕೆಂಡಿಗೆ 3,500 ಎಂಬಿ ಎಂದಿತ್ತು. ನನ್ನದು ಹೆಚ್ಚೆಂದರೆ 550. ಭಾಗಿಸಿ ನೋಡಿದೆ, ಆರು ಪಟ್ಟು! ಬೋರ್ಡಿನಲ್ಲಿ ಅದನ್ನು ಕೂರಿಸುವ ಎಂ.2 ಜಾಗವೂ ಖಾಲಿಯಿತ್ತು. ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ.

ಅಂಗಡಿಯ ಹುಡುಗ, “ಅಣ್ಣ, ನಿಮ್ಗ ನಿಧಾನ ಆಗದು ಎಲ್ಲಿ?” ಅಂದ. ಇವನೇನು ನನಗೆ ಪಾಠ ಹೇಳುವುದು ಅಂತ ಉರಿದುಹೋಯಿತು. “ಡ್ರೈವ್ ಕೊಡಪ್ಪ ನೀನು” ಅಂದೆ. ಕೊಟ್ಟ.

ಹೊಸ ಡ್ರೈವ್ ಕೂರಿಸಿದ ಮೇಲೆ ಬಂದ ಮೊದಲ ಗಿರಾಕಿ, ಹುಡುಗಿಯ ಸೋದರಮಾವ. “ಕೂತ್ಕೊಳಿ ಸಾ, ಟೀ ಬರೋದ್ರೊಳಗೆ ಮುಗೀತದೆ” ಎಂದು ಕ್ಯಾಮೆರಾದ 64 ಜಿಬಿ ಕಾರ್ಡು ಚುಚ್ಚಿದೆ. ಟೀ ಬಂತು, ಲೋಟ ಖಾಲಿಯಾಯಿತು, ಹಸಿರು ಪಟ್ಟಿ ಕಾಲು ಭಾಗ ದಾಟಿರಲಿಲ್ಲ. “ಹೊಸ್ದು ಅಂದ್ರಲ್ಲ?” ಎಂದರು. ಬಾಯಿಗೆ ಬಂದದ್ದು, “ವೈರಸ್ ಇರ್ಬೇಕು ಸಾ.” ಅವರು ಗಾಬರಿಯಾಗಿ, “ನಮ್ ಮಗು ಫೋಟೊಕ್ಕ ಏನೂ ಆಗಲ್ವ?” ಎಂದಾಗ ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಫೋಟೊಗಳಿಗೆ ಏನೂ ಆಗಿರಲಿಲ್ಲ. ವೈರಸ್ಸೂ ಇರಲಿಲ್ಲ.

ರಾತ್ರಿ ಲೆಕ್ಕ ಹಾಕಿದೆ. ನನ್ನ ಕಾರ್ಡ್ ರೀಡರು ಹಳೇ ಯುಎಸ್‌ಬಿ 2.0ದು. ಅದರಲ್ಲಿ ಸೆಕೆಂಡಿಗೆ 35 ಎಂಬಿ ದಾಟಿದರೆ ದೊಡ್ಡದು. 64 ಜಿಬಿಗೆ ಅರ್ಧ ಗಂಟೆ. ರಾತ್ರಿ 9ಕ್ಕೆ ಬಂಡೀಪುರ ಕಾಡಿನ ರಸ್ತೆಯ ಗೇಟು ಹಾಕಿದ ಮೇಲೆ ಎಂಥ ಕಾರಿದ್ದರೇನು, ಬೆಳಿಗ್ಗೆ 6ರವರೆಗೆ ನಿಲ್ಲಲೇಬೇಕಲ್ಲ. ನಾನು ಕಾರು ಬದಲಿಸಿ ಬಂದಿದ್ದೆ.

ಯುಎಸ್‌ಬಿ 3.0 ರೀಡರಿಗೆ ಆದದ್ದು ಡ್ರೈವಿನ ಬೆಲೆಯ ಚೂರುಪಾರು. ಈಗ ಅದೇ ಕಾರ್ಡು ಕಾಲು ಗಂಟೆಯೊಳಗೆ ಇಳಿಯುತ್ತದೆ. ಅದಕ್ಕಿಂತ ಬೇಗ ಆಗದು, ಕಾರ್ಡಿನ ವೇಗವೇ ಅಷ್ಟು. ಅಷ್ಟು ವೇಗಕ್ಕೆ ಹಳೇ ಸಾಟಾ ಡ್ರೈವೇ ಧಾರಾಳವಾಗಿ ಸಾಕಿತ್ತು. ಎನ್‌ವಿಎಂಇ ದಂಡ ಎಂದಲ್ಲ. ದೊಡ್ಡ ದೊಡ್ಡ ವಿಡಿಯೊ ಎಡಿಟ್ ಮಾಡುವವರಿಗೆ ಅದರ ಉಪಯೋಗ ಗೊತ್ತು. ನನ್ನದು ಫೋಟೊ ಆಲ್ಬಮ್ಮಿನ ಕೆಲಸ. ನಿಧಾನ ಆಗುವುದು ಎಲ್ಲಿ ಎಂದು ಅಂಗಡಿಯ ಹುಡುಗ ಕೇಳಿದ್ದು ಇದಕ್ಕೇ.

ನೀವಿನ್ನೂ ಹಾರ್ಡ್ ಡಿಸ್ಕಿನಲ್ಲೇ ಇದ್ದರೆ ಯೋಚನೆ ಬೇಡ, ಸಾದಾ ಎಸ್‌ಎಸ್‌ಡಿಯಾದರೂ ಹಾಕಿಸಿ. ಈಗಾಗಲೇ ಎಸ್‌ಎಸ್‌ಡಿ ಇದ್ದು ಇನ್ನೂ ವೇಗದ್ದು ಬೇಕೆನಿಸಿದರೆ, ಕಂಪ್ಯೂಟರು ತೆವಳುವ ಹೊತ್ತಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕಿನ ಸಾಲು ನೋಡಿ. ಅದು ಶೇ. 100ರ ಹತ್ತಿರ ಇಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.