ಬೆನ್ನುನೋವಿನ ಲೆಕ್ಕ

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ಮೂವತ್ತಕ್ಕೆ ಮೇಲ್ಪಟ್ಟ ವರ್ಷಗಳ ಕಾಲ ಮಕ್ಕಳಿಗೆ ವಿವರಿಸಿದವನು ನಾನು. ಪರರ ದೋಷವನ್ನು ಎಣಿಸುವವನು ತನ್ನದನ್ನು ಅರಿಯನೆಂಬುದೇ ಅದರ ತಾತ್ಪರ್ಯವೆಂದು ಕರಿಹಲಗೆಯ ಮೇಲೆ ಬರೆದು ತೃಪ್ತನಾಗುತ್ತಿದ್ದೆನು. ಆ ಗಾದೆಯ ಪೂರ್ಣಾರ್ಥವು ನಿವೃತ್ತನಾದ ಮೇಲೆ, ಬೆನ್ನುನೋವಿನ ದೆಸೆಯಿಂದಲೇ ನನಗೆ ತಿಳಿಯಬೇಕಾಗಿದ್ದಿತು.

ಯುಗಾದಿಗೆ ಮನೆಯನ್ನು ಸಾರಿಸುವ ಸಂಭ್ರಮದಲ್ಲಿ, ಅಟ್ಟದ ಮೇಲಿನ ಪುಸ್ತಕದ ಪೆಟ್ಟಿಗೆಯನ್ನು ಇಳಿಸಹೋಗಿ ನನ್ನ ಸೊಂಟ ಹಿಡಿಯಿತು. ಸಂಸ್ಕೃತ ಓದಿದವನಾದುದರಿಂದ ನೋವಿನೊಡನೆ ಶಬ್ದಗಳೂ ಬಂದವು: ಕಟಿಶೂಲ, ಗೃಧ್ರಸಿ. ಎರಡನೆಯದನ್ನು ಚರಕಸಂಹಿತೆಯು ವಾತರೋಗಗಳ ಸಾಲಿನಲ್ಲಿ ಎಣಿಸಿದೆ. ಹೆಸರೇನೋ ದೊರೆಯಿತು, ನೋವು ಮಾತ್ರ ಹೋಗಲಿಲ್ಲ. ಮರುದಿನ ಬೆಳಗ್ಗೆಯೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತೆನು.

ಅಲ್ಲಿಯ ವೈದ್ಯರು ಕಿರಿಯ ವಯಸ್ಸಿನವರು, ಆದರೆ ಸಾವಧಾನವುಳ್ಳವರು. ಕಾಲುಗಳ ಬಲವನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ, “ಹೆದರಬೇಕಾದುದೇನೂ ಇಲ್ಲ. ಹಾಸಿಗೆ ಹಿಡಿಯಬೇಡಿ, ಆದಷ್ಟು ನಡೆದಾಡಿ. ಕೆಲವು ವಾರಗಳಲ್ಲಿ ಇಳಿಯುವುದು,” ಎಂದರು. ನನಗೆ ರುಚಿಸಲಿಲ್ಲ. ಇಷ್ಟು ದೊಡ್ಡ ನೋವಿಗೆ ಇಷ್ಟು ಸಣ್ಣ ಮಾತೇ! ನಾಲ್ಕನೆಯ ದಿನ ಪುನಃ ಹೋದೆನು. ಮುಂದಿನ ವಾರ ಮತ್ತೆ. ಯಾರೋ ಹೇಳಿದರೆಂದು ಸೊಂಟದ ಪಟ್ಟಿಯೊಂದನ್ನು ಕೊಂಡು ಬಿಗಿದುಕೊಂಡೆನು. ಪೇಟೆಗೆ ಹೋಗಿ ಸ್ವಂತ ಖರ್ಚಿನಲ್ಲಿ ಎಂ.ಆರ್.ಐ. ಚಿತ್ರವನ್ನೂ ತೆಗೆಯಿಸಿದೆನು. ಬೆನ್ನುಮೂಳೆಯ ನಡುವಣ ಬಿಲ್ಲೆಗಳು ಸವೆದಿವೆ ಎಂದು ಅದರಲ್ಲಿ ಬರೆದಿದ್ದಿತು. ಅದನ್ನು ಜಯಪತ್ರದಂತೆ ವೈದ್ಯರ ಮುಂದೆ ಹಿಡಿದೆನು.

ಅವರು ನಕ್ಕರು. “ಮೇಷ್ಟ್ರೇ, ನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ನೋಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದರು. ಅರುವತ್ತರ ವಯಸ್ಸಿನಲ್ಲಿ 100ಕ್ಕೆ 88 ಮಂದಿಗೆ ಈ ಸವೆತವಿದ್ದಿತು. ನಿಮ್ಮ ತಲೆ ನರೆತಿದೆ. ಬೆನ್ನೂ ಒಳಗೆ ನರೆತಿದೆ. ನರೆಗೆ ಔಷಧವುಂಟೇ?”

ಆ ಮೇಲೆ ನಾನಾಗಿಯೇ ಓದಿ ತಿಳಿದುಕೊಂಡೆನು. ಈ ವ್ಯಾಧಿಯ ಬಳಗ ಬಹು ದೊಡ್ಡದು. 2020ರಲ್ಲಿ ಲೋಕದಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರು ಸುಮಾರು 61 ಕೋಟಿ 90 ಲಕ್ಷ. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಹತ್ತರಲ್ಲಿ ಒಂಬತ್ತು ಮಂದಿಗೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ. ಬಹುಪಾಲು ಹೊಸ ನೋವುಗಳು ಆರು ವಾರದೊಳಗೆ ತಾವಾಗಿಯೇ ತಗ್ಗುತ್ತವೆ. ಬಹುಕಾಲ ನಿಂತ ನೋವಿಗೂ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಸಲಹೆಯಲ್ಲಿ ವ್ಯಾಯಾಮವನ್ನೂ ತಿಳಿವಳಿಕೆಯನ್ನೂ ಹೊಗಳಿ, ನನ್ನ ಸೊಂಟದ ಪಟ್ಟಿಯಂಥವನ್ನು ಬೇಡವೆಂದಿದೆ. ಪಟ್ಟಿಯು ಈಗ ಅದೇ ಅಟ್ಟವನ್ನು ಸೇರಿದೆ.

ಇಷ್ಟಾದರೂ ನಾನು ಹೋಗುವುದನ್ನು ಬಿಡಲಿಲ್ಲ. ಲೆಕ್ಕ ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಗೌರೀಹಬ್ಬದ ವೇಳೆಗೆ ಪುಸ್ತಕ ತೆರೆದು ನೋಡಿದರೆ, ಐದು ತಿಂಗಳಲ್ಲಿ ಹನ್ನೊಂದು ಸಲ ಹೋಗಿದ್ದೆನು. ಮೊದಲನೆಯದು ನೋವಿಗಾಗಿ; ಉಳಿದವು ಭಯಕ್ಕಾಗಿ. ಗುಳಿಗೆಯಲ್ಲ, “ಏನೂ ಇಲ್ಲ” ಎಂಬ ಮಾತೇ ನನಗೆ ಬೇಕಾಗಿದ್ದಿತು. ಅದರ ಗುಣವೋ ಎರಡು ದಿನಕ್ಕೆ ಮೇಲೆ ನಿಲ್ಲುತ್ತಿರಲಿಲ್ಲ.

ಹನ್ನೊಂದನೆಯ ಸಲ ನನ್ನ ಹೆಂಡತಿಯೂ ಜೊತೆಯಲ್ಲಿ ಬಂದಿದ್ದಳು, ಚೀಲ ಹಿಡಿಯುವುದಕ್ಕೆ. ನನ್ನ ಸರದಿ ಬಂದಾಗ ಅವಳು ಬೆಂಚಿನಿಂದ ಎದ್ದಳು: ಎರಡು ಕೈಗಳನ್ನೂ ಮೊಣಕಾಲ ಮೇಲೆ ಊರಿ, ತುಟಿ ಕಚ್ಚಿ, ಬೆನ್ನನ್ನು ಕೊಂಚವೂ ಬಗ್ಗಿಸದೆ. ಅಲ್ಲಿಯ ದಾದಿ ಅದನ್ನು ನೋಡಿದಳು. “ಅಮ್ಮಾ, ನಿಮಗೆ ಎಷ್ಟು ದಿನದಿಂದ?” ಎಂದು ಕೇಳಿದಳು.

“ಬೆನ್ನುನೋವು ಯಾರಿಗಿಲ್ಲ ತಾಯಿ,” ಎಂದಳು ಇವಳು.

ದಾದಿ ಬಿಡಲಿಲ್ಲ. ಒಂದೊಂದಾಗಿ ಪ್ರಶ್ನೆ ಕೇಳಿದಳು. ಉತ್ತರಗಳನ್ನು ನಾನು ಪಕ್ಕದಲ್ಲಿ ನಿಂತು ಮೊದಲ ಸಲ ಕೇಳಿದೆನು. ನಾಲ್ಕು ತಿಂಗಳಿನಿಂದ ನೋವು. ರಾತ್ರಿ ಮಲಗಿದರೂ ಬಿಡದು. ಸಂಜೆಯಾದರೆ ಮೈ ಬೆಚ್ಚಗಾಗುವುದು. ರವಿಕೆಗಳೆಲ್ಲ ಸಡಿಲವಾಗಿವೆ. ಆ ನಾಲ್ಕು ತಿಂಗಳೂ ಪ್ರತಿ ರಾತ್ರಿ ನನ್ನ ಬೆನ್ನಿನ ಶಾಖಕ್ಕೆ ಬಿಸಿನೀರನ್ನು ಹೊತ್ತು ತಂದವಳು ಅವಳು.

ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಬೆನ್ನುಮೂಳೆಯ ಕ್ಷಯವೆಂದು ತಿಳಿದುಬಂದಿತು. ಕ್ಷಯವು ಶ್ವಾಸಕೋಶಕ್ಕೆ ಮಾತ್ರ ಅಂಟುವುದೆಂದು ನಾನು ನಂಬಿದ್ದೆನು. ಅದು ಮೂಳೆಯನ್ನೂ ತಿನ್ನಬಲ್ಲದು. ಇನ್ನೂ ತಡವಾಗಿದ್ದರೆ ಮೂಳೆ ಕುಸಿದು, ಕಾಲುಗಳ ಸ್ವಾಧೀನವೇ ತಪ್ಪಬಹುದಾಗಿದ್ದಿತೆಂದು ವೈದ್ಯರು ಹೇಳಿದರು. ಸರಕಾರವು ಉಚಿತವಾಗಿ ಕೊಡುವ ಔಷಧವನ್ನು ಹನ್ನೆರಡು ತಿಂಗಳು ತಪ್ಪದೆ ಸೇವಿಸಿದಳು. ಈಗ ಗುಣವಾಗಿದ್ದಾಳೆ, ಬೆನ್ನು ಮಾತ್ರ ತುಸು ಬಾಗಿಯೇ ಇದೆ.

ವಾಚಕರು ಕೇಳಬಹುದು: ಬೆನ್ನುನೋವಿಗೆ ಎಷ್ಟು ಸಲ ವೈದ್ಯರ ಬಳಿಗೆ ಹೋಗಬೇಕು? ನಾನು ವೈದ್ಯನಲ್ಲ, ಅವರಿಂದ ಕಲಿತುದನ್ನು ಒಪ್ಪಿಸುತ್ತೇನೆ. ಹೊಸ ನೋವು ದಿನದಿನಕ್ಕೆ ಇಳಿಯುತ್ತಿದ್ದರೆ ನಡೆದಾಡುತ್ತ ಕಾಯಬಹುದು. ಕೆಲವು ವಾರಗಳಾದರೂ ಇಳಿಯದಿದ್ದರೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ರಾತ್ರಿಯೂ ಬಿಡದ ನೋವು, ಹಿಂದೆ ಅರ್ಬುದರೋಗವಾಗಿದ್ದುದು, ವೃದ್ಧರು ಬಿದ್ದುದು, ಇವುಗಳಲ್ಲಿ ಒಂದಿದ್ದರೂ ಕಾಯಲಾಗದು. ಕಾಲಿನ ಬಲ ಕುಂದಿದರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ಆ ದಿನವೇ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಆದರೆ ಎಷ್ಟು ಸಲವೆಂಬುದಕ್ಕಿಂತ ಯಾರು ಎಂಬ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಮನೆಯಲ್ಲಿ ಹನ್ನೊಂದು ಸಲ ಹೋದವನಿಗೆ ಹೋಗುವ ಅಗತ್ಯವಿರಲಿಲ್ಲ. ಅಗತ್ಯವಿದ್ದವಳು ಒಮ್ಮೆಯೂ ಹೋಗಲಿಲ್ಲ, ಹೋಗೆಂದು ಹೇಳಿದವರೂ ಇರಲಿಲ್ಲ. ತನ್ನ ಬೆನ್ನು ತನಗೆ ಕಾಣದು, ನಿಜ. ಅದಕ್ಕಾಗಿಯೇ ಅಲ್ಲವೇ ಒಂದು ಮನೆಯಲ್ಲಿ ಇಬ್ಬರಿರುವುದು? ಅವಳು ನನ್ನ ಬೆನ್ನನ್ನು ನೋಡಿದಳು. ನಾನು ಅವಳದನ್ನು ನೋಡಲಿಲ್ಲ.

ಈಗ ರಾತ್ರಿ ಊಟವಾದ ಮೇಲೆ ನೀರು ಕಾಯಿಸುವವನು ನಾನು. ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿಗೂ ಒಂದು ಪುಟವನ್ನು ತೆರೆದಿದ್ದೇನೆ.